ಶೆಡ್ಡಿನ ಕಾರೂ ನಾಲ್ಕು ನಿಂಬೆಹಣ್ಣೂ

ರುಕ್ಮಾಂಗದ ರಾಯರ ಶೆಡ್ಡಿನಲ್ಲಿ ಹಳೆಯ ಕಾಲದ ಆಟೋಮ್ಯಾಟಿಕ್ ಕಾರೊಂದಿತ್ತು. ಎಲ್ಲಿ ಗೀರು ಬಿದ್ದೀತೋ ಎಂಬ ಭಯಕ್ಕೆ ರಾಯರು ಅದನ್ನು ರಸ್ತೆಗಿಳಿಸುತ್ತಿರಲಿಲ್ಲ. ಪ್ರತಿ ಭಾನುವಾರ ಎಂಜಿನ್ ಚಾಲೂ ಮಾಡಿ, ಕಾಲು ಗಂಟೆ ಅದರ ಸದ್ದು ಕೇಳಿ, ಬಾನೆಟ್ ಸವರಿ ಹೋಗುತ್ತಿದ್ದರು.

ಗೇರ್‌ಬಾಕ್ಸಿಗೆ ಒಳಗೊಳಗೇ ಸಂಕಟ. ಒಂದು ಭಾನುವಾರ ಅದು ಎಂಜಿನ್ನಿಗೆ ಹೇಳಿತು: “ಅಣ್ಣಾ, ನಿಂತಲ್ಲೇ ಓಡಿದರೆ ನಿನಗೆ ಸಾಕು. ನನ್ನೊಳಗಿನ ರಬ್ಬರು ಬಳೆಗಳು ಒಣಗುತ್ತಿವೆ. ಗೇರ್ ಹಾಕಿ ಒಂದಿಷ್ಟು ದೂರ ಓಡಿಸಿದರಷ್ಟೇ ಎಣ್ಣೆ ಅಲ್ಲಿಯವರೆಗೆ ಹರಿಯುತ್ತದೆ. ನೀನು ಸ್ವಲ್ಪ ಕೆಮ್ಮು, ಮೆಕ್ಯಾನಿಕ್ಕನ್ನಾದರೂ ಕರೆಸುತ್ತಾರೆ.”

“ಯಜಮಾನರು ಬರುವುದೇ ನನ್ನ ದನಿ ಕೇಳಲು,” ಎಂದಿತು ಎಂಜಿನ್. “ಕೆಮ್ಮಿ ಅವರ ಮನಸ್ಸು ಕೆಡಿಸಲೇ? ನಾನು ಚೆನ್ನಾಗಿದ್ದರೆ ಕಾರು ಚೆನ್ನಾಗಿದ್ದಂತೆ.”

ಹನ್ನೊಂದು ವರ್ಷ ಹಾಗೇ ಕಳೆಯಿತು.

ಒಂದು ಆಯುಧಪೂಜೆಯ ದಿನ ರಾಯರು, “ನನಗೂ ವಯಸ್ಸಾಯಿತು, ಇವತ್ತಾದರೂ ಒಂದು ಸುತ್ತು ಹೋಗಿಬರೋಣ ಕಣಪ್ಪಾ,” ಎಂದು ಕಾರಿಗೆ ಹೂವಿನ ಹಾರ ಹಾಕಿ, ನಾಲ್ಕೂ ಚಕ್ರಗಳಡಿ ನಿಂಬೆಹಣ್ಣಿಟ್ಟು, ಒಳಗೆ ಕೂತು ಗೇರ್ ಹಾಕಿದರು. ಎಂಜಿನ್ ಗುಡುಗಿತು. ಕಾರು ಕದಲಲಿಲ್ಲ.

“ತಮ್ಮಾ, ತಳ್ಳೋ! ಯಜಮಾನರು ಕಾಯುತ್ತಿದ್ದಾರೆ!” ಎಂದು ಎಂಜಿನ್ ಅಂಗಲಾಚಿತು.

“ನಿನ್ನ ಬಲವೆಲ್ಲ ನನ್ನವರೆಗೆ ಬರುತ್ತಿದೆ ಅಣ್ಣಾ. ರಬ್ಬರು ಕಲ್ಲಾಗಿ ಎಣ್ಣೆಯ ಒತ್ತಡ ನಿಲ್ಲುತ್ತಿಲ್ಲ, ಆ ಬಲವನ್ನು ಚಕ್ರಕ್ಕೆ ದಾಟಿಸಲು ಆಗುತ್ತಿಲ್ಲ,” ಎಂದಿತು ಗೇರ್‌ಬಾಕ್ಸ್.

ಬಹಳ ಹೊತ್ತಾದ ಮೇಲೆ ರಾಯರು ಕೀಲಿ ತಿರುಗಿಸಿ ಎಂಜಿನ್ ನಿಲ್ಲಿಸಿ ಕೆಳಗಿಳಿದರು. ಕಷ್ಟಪಟ್ಟು ಬಗ್ಗಿ ನಿಂಬೆಹಣ್ಣುಗಳನ್ನು ಒಂದೊಂದಾಗಿ ಹೆಕ್ಕಿಕೊಂಡರು. ಒಂದರ ಮೇಲೂ ಗೀರು ಬಿದ್ದಿರಲಿಲ್ಲ.