ಒಂದೊಂದೇ ಅಗುಳು

ಹೊಳೆದಂಡೆಯ ಆ ಮಠದಲ್ಲಿ ಊರಿಗೆಲ್ಲ ಎರಡು ಸಂಗತಿ ಪುಕ್ಕಟೆ ಸಿಗುತ್ತಿದ್ದವು: ಮಧ್ಯಾಹ್ನದ ಊಟ ಮತ್ತು ಇಂಟರ್ನೆಟ್. ಊಟದ ಉಸ್ತುವಾರಿ ಸ್ವತಃ ಮಠದ ಸ್ವಾಮಿಗಳಾದ ಅಜ್ಜಾರದು. ಇಂಟರ್ನೆಟ್ಟಿನ ಕೆಲಸ ಶಿಷ್ಯ ಮಡಿವಾಳಯ್ಯನ ಪಾಲಿಗೆ ಬಂದಿತ್ತು.

ಮಡಿವಾಳಯ್ಯನಿಗೆ ಗುರುವೆಂದರೆ ಪ್ರಾಣ. ದೂರದ ಭಕ್ತರಿಗೆ ನೇರಪ್ರಸಾರವಾಗುತ್ತಿದ್ದ ಅಜ್ಜಾರ ಪ್ರವಚನ ನಡುನಡುವೆ ತಡವರಿಸುವುದನ್ನು ಅವನಿಂದ ನೋಡಲಾಗಲಿಲ್ಲ. ಒಂದು ದಿನ ಇಂಟರ್ನೆಟ್ಟಿನ ಯಂತ್ರದಲ್ಲಿ ಏನೋ ಬದಲಿಸಿ, ಊರವರ ವಿಡಿಯೋಗಳೆಲ್ಲ ಆಮೆಯ ಹಾಗೆ ತೆವಳುವಂತೆ ಮಾಡಿಬಿಟ್ಟ.

ಹೇಗೂ ಇವರು ನೋಡುವುದು ಸಿನಿಮಾ, ಕುಣಿತ. ಸ್ವಲ್ಪ ತಡವಾದರೆ ಯಾರಪ್ಪನ ಗಂಟು ಹೋಗುತ್ತದೆ ಎಂದುಕೊಂಡ.

ಮೂರನೆಯ ದಿನ ಬಾಳವ್ವ ಕೋಲೂರಿಕೊಂಡು ಬಂದಳು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳದು, ಮಾತು ಬಾರದು. ಮಗಳು ಕಸ್ತೂರಿಯೂ ಹಾಗೆಯೇ. ಕಸ್ತೂರಿ ಚೊಚ್ಚಲ ಬಸುರಿ, ದೂರದ ಪೇಟೆಯ ಆಸ್ಪತ್ರೆ ಸೇರಿದ್ದಳು. ಇಂದೋ ನಾಳೆಯೋ ಹೆರಿಗೆ. ಕಾಲು ಮುರಿದುಕೊಂಡಿದ್ದ ಬಾಳವ್ವನಿಗೆ ಜೊತೆಗೆ ಹೋಗಲಾಗಿರಲಿಲ್ಲ. ತಾಯಿ-ಮಗಳು ಫೋನಿನಲ್ಲೇ ಮುಖ ನೋಡಿಕೊಂಡು, ಕೈಸನ್ನೆಯಲ್ಲಿ ಮಾತಾಡುತ್ತಿದ್ದರು.

ಬಾಳವ್ವ ಫೋನನ್ನು ಅಜ್ಜಾರ ಮುಂದೆ ಹಿಡಿದಳು. ಪರದೆಯಲ್ಲಿ ಕಸ್ತೂರಿಯ ಕೈ ಎತ್ತಿದ್ದು ಎತ್ತಿದಂತೆಯೇ ನಿಂತಿತ್ತು. ಮಗಳು ನೋವು ಅನ್ನುತ್ತಿದ್ದಾಳೋ, ಆರಾಮ ಅನ್ನುತ್ತಿದ್ದಾಳೋ ತಿಳಿಯುವಂತಿರಲಿಲ್ಲ. ಹೆತ್ತ ಕರುಳು, ಪಾಪ, ಎಷ್ಟಂತ ತಾಳೀತು.

ಅಜ್ಜಾರು ಶಿಷ್ಯನ ಮುಖ ನೋಡಿದರು.

"ನಾ ಏನೂ ಬಂದ್ ಮಾಡಿಲ್ರಿ ಅಜ್ಜಾರ," ಎಂದ ಮಡಿವಾಳಯ್ಯ. "ವಿಡಿಯೋ ಅಷ್ಟ ಸ್ವಲ್ಪ ನಿಧಾನ ಮಾಡೇನಿ. ನಿಮ್ಮ ಪ್ರವಚನಕ್ಕ ಅಡ್ಡಿ ಆಗಬಾರದಂತ."

"ಹೌದೇನು? ಊಟದ ಗಂಟಿ ಆತು, ಪಂಕ್ತಿಗೆ ಕೂಡು ನಡಿ. ಇವತ್ತ ನಿನಗ ನಾನ ಬಡಸ್ತೇನಿ."

ಬಾಳವ್ವನನ್ನೂ ಕೈಹಿಡಿದು ಕರೆತಂದು ಅವನ ಎದುರಿಗೇ ಕೂರಿಸಿದರು.

ಎಲ್ಲರ ತಾಟಿಗೂ ಅನ್ನ, ಸಾರು ಬಿತ್ತು. ಮಡಿವಾಳಯ್ಯನ ತಾಟಿಗೆ ಅಜ್ಜಾರು ಒಂದೇ ಒಂದು ಅಗುಳು ಹಾಕಿದರು. ಅವನು ತಿಂದ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಹಾಕಿದರು.

"ಅಜ್ಜಾರ, ಹಿಂಗಾದ್ರ ನನ್ನ ಹೊಟ್ಟಿ ಯಾವಾಗ ತುಂಬೂದ್ರಿ?"

"ನಾ ಏನ ಇಲ್ಲ ಅಂದೆನೇನು? ಸ್ವಲ್ಪ ನಿಧಾನ ಬಡಸಾಕತ್ತೇನಿ, ಅಷ್ಟ."

ಮಡಿವಾಳಯ್ಯ ತಲೆ ಎತ್ತಿದ. ಎದುರಿಗೆ ಬಾಳವ್ವನ ತಾಟಿನ ಅನ್ನ ಹಾಗೆಯೇ ಇತ್ತು. ಅವಳು ಸೆರಗಿನಿಂದ ಫೋನಿನ ಗಾಜು ಒರೆಸುತ್ತಿದ್ದಳು. ಒರೆಸಿ ನೋಡುವುದು, ಮತ್ತೆ ಒರೆಸುವುದು. ಗಾಜಿಗೆ ಧೂಳು ಕೂತು ಮಗಳ ಕೈ ನಿಂತಿದೆ ಎಂದುಕೊಂಡಿದ್ದಳು.

ನಾಚಿಕೆಯಿಂದ ಅವನ ಮೈ ಹಿಡಿಯಾಯಿತು.

ಪಂಕ್ತಿ ಮುಗಿಯುವ ಮೊದಲು ಯಾರೂ ಏಳುವಂತಿಲ್ಲ, ಎದ್ದರೆ ಅನ್ನಕ್ಕೆ ಅವಮಾನ ಎಂಬುದು ಆ ಮಠದ ಕಟ್ಟಳೆ. ಮಡಿವಾಳಯ್ಯ ಎದ್ದ. ಎಂಜಲಗೈಯಲ್ಲೇ ಯಂತ್ರದ ಕೋಣೆಗೆ ಓಡಿದ. ಕೂತವರು ಗುಸುಗುಸು ಅಂದರು. ಅಜ್ಜಾರು ಮಾತ್ರ ಸೌಟು ಹಿಡಿದು ಅವನಿಗಾಗಿ ಕಾದರು.

ಅವನು ಮರಳಿ ಬರುವಷ್ಟರಲ್ಲಿ ಕಸ್ತೂರಿಯ ಕೈ ಆಡುತ್ತಿತ್ತು. ಬಾಳವ್ವ ಫೋನನ್ನು ನೀರಿನ ಚೊಂಬಿಗೆ ಒರಗಿಸಿ, ಅಳುತ್ತ ನಗುತ್ತ, ಎರಡೂ ಕೈಯಲ್ಲಿ ಮಗಳಿಗೆ ಧೈರ್ಯ ಹೇಳುತ್ತಿದ್ದಳು.

"ತಪ್ಪಾತ್ರಿ ಅಜ್ಜಾರ. ಆದ್ರ ನಾಳೆ ನಿಮ್ಮ ಪ್ರವಚನ ಮತ್ತ ನಡುನಡುವ ನಿಂತ್ರ?"

ಅಜ್ಜಾರು ಅವನ ತಾಟಿಗೆ ಸೌಟಿನ ತುಂಬ ಅನ್ನ ಹಾಕಿದರು.

"ನಿಂತ್ರ ನಿಲ್ಲಲಿ ಬಿಡು ತಮ್ಮಾ. ನಾ ಹೇಳೂದು ನಿನ್ನೆ ಹೇಳಿದ್ದನ್ನ. ಆಕಿ ಹೇಳೂದು ಈಗಿಂದು."