ಸಾವ್ಕಾರರ ಕಾರಿಗೆ ಹೊಸ ಇಂಜೆಕ್ಟರ್

ಡೀಸೆಲ್ ಬಂಕಿನ ಮಾಲೀಕ ಗುರುಶಾಂತಪ್ಪ ಸಾವ್ಕಾರರ ಹಳೇ ಟರ್ಬೊ ಕಾರಿನಲ್ಲಿ ಎಂಜಿನ್ನಿಗೆ ಡೀಸೆಲ್ ಚಿಮ್ಮಿಸುವ ಇಂಜೆಕ್ಟರ್‌ಗಳು ಕೆಟ್ಟವು. ಸೀಮೆಎಣ್ಣೆ ಬೆರೆಸಿದ ಅವರದೇ ಡೀಸೆಲ್ ಕುಡಿದರೆ ಕೆಡದೆ ಇನ್ನೇನು? ಸಾವ್ಕಾರರು ಮಾತ್ರ ಡ್ರೈವರ್ ಮೌಲಾಲಿಯ ಮೇಲೆ ಹರಿಹಾಯ್ದರು.

"ನೀ ಓಡಿಸಿದ್ದಕ್ಕ ಕೆಟ್ಟಾವು. ಹೊಸಾವು ಹಾಕಿಸ್ಕೊಂಡು ಬಾ. ಬಂಕಿನ್ಯಾಗ ಎಲ್ಲಾರ ಮುಂದ ತಪ್ಪು ಒಪ್ಪಿಕೋ!"

"ಆತ್ರಿ, ಹಂಗ ಮಾಡ್ತೀನಿ."

ಹೊಸ ಇಂಜೆಕ್ಟರ್ ಹಾಕಿಸಿದ ಮೌಲಾಲಿ ಕಾರನ್ನು ಬಂಕಿಗೆ ತಂದ. ಹಿಂದೆ ಟೆಂಪೊ, ಟ್ರ್ಯಾಕ್ಟರುಗಳ ಸಾಲು.

"ತಪ್ಪು ನಂದೈತ್ರಿ ಸಾವ್ಕಾರ್ರ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿ, ಡೀಸೆಲ್ ಪೈಪನ್ನು ಕಾರಿನ ಟ್ಯಾಂಕಿಗೆ ಹಿಡಿದ. "ಇನ್ ಮ್ಯಾಲ ಹುಷಾರಿಂದ ಓಡಿಸ್ತೀನ್ರಿ. ಫುಲ್ ಮಾಡ್ಲೇನ್ರಿ?"

"ಏ, ಬ್ಯಾಡೋ!" ಸಾವ್ಕಾರರು ಓಡಿಬಂದು ಟ್ಯಾಂಕಿನ ಬಾಯಿಗೆ ಅಂಗೈ ಅಡ್ಡ ಇಟ್ಟರು.

ಸಾಲಿನಲ್ಲಿದ್ದವರೆಲ್ಲ ಆ ಅಂಗೈಯನ್ನೇ ನೋಡಿದರು. ಆದರೇನು, ಸುತ್ತಮುತ್ತ ಇರುವುದು ಅದೊಂದೇ ಬಂಕು. ಮೌಲಾಲಿ ಕಾರನ್ನು ಪಕ್ಕಕ್ಕೆ ಸರಿಸಿದ. ಹಿಂದಿದ್ದ ಟ್ರ್ಯಾಕ್ಟರಿನವನು ಮುಂದೆ ಬಂದು, ತನ್ನ ಟ್ಯಾಂಕಿನ ಮುಚ್ಚಳ ತೆಗೆದ.