ಗುಲಗಂಜಿ ಹುಳದ ಬೆನ್ನಿಗೆ ದೃಷ್ಟಿಬೊಟ್ಟು ಬಂದದ್ದು

ಲೋಕ ಇನ್ನೂ ಹೊಸದಾಗಿತ್ತು. ಮಣ್ಣಿನ ಹಸಿ ಆರಿರಲಿಲ್ಲ. ಯಾವ ಕಡೆ ಹರಿಯಬೇಕು ಅಂತ ಹೊಳೆಗೇ ಗೊತ್ತಿಲ್ಲದೆ ಒಂದು ದಿನ ಮೂಡಲಿಗೆ, ಇನ್ನೊಂದು ದಿನ ಪಡುವಲಿಗೆ ಹರಿಯುತ್ತಿತ್ತು. ಹುಳಹುಪ್ಪಟೆಗೆ ಬಣ್ಣ ಹಚ್ಚಲು ಯಾರಿಗೂ ಪುರುಸೊತ್ತು ಸಿಕ್ಕಿರಲಿಲ್ಲ. ಎಲ್ಲವೂ ಮಣ್ಣಿನ ಬಣ್ಣವೇ.

ಆಗ ಗುಂಡವ್ವ ಅಂತ ಒಂದು ಹುಳ ಇದ್ದಳು. ಅವರೆಕಾಳಿನ ಅರ್ಧದಷ್ಟೂ ಇಲ್ಲ. ಆದರೆ ಮಾತು? ಅಬ್ಬಬ್ಬಾ! ಆನೆ ಎದುರಿಗೆ ಬಂದರೂ ತಲೆ ಎತ್ತಿಯೇ ಮಾತಾಡುವ ಜಾತಿ.

ಅದೇ ಊರಲ್ಲಿ ಹೊನ್ನಜ್ಜಿ ಇದ್ದಳು. ಲೋಕದಲ್ಲಿ ಮೊಟ್ಟಮೊದಲು ಹಿತ್ತಲಲ್ಲಿ ಅವರೆ ಬಳ್ಳಿ ಹಬ್ಬಿಸಿದವಳು ಅವಳೇ. ಬಳ್ಳಿ ಚಪ್ಪರ ಏರಿತು. ಎಳೆ ಕುಡಿ ಬಿಟ್ಟಿತು. ಇನ್ನೇನು ಹೂ ಬರಬೇಕು, ಅಷ್ಟರಲ್ಲಿ ಹೇನು ಬಂತು.

ತಲೆಯ ಹೇನಲ್ಲ ಮಗಾ, ಗಿಡದ ಹೇನು. ಕುಡಿಗೆ ಕಪ್ಪಗೆ ಮೆತ್ತಿಕೊಂಡು ರಸ ಹೀರುತ್ತೆ. ಹೀರಿ ಹೀರಿ ಸಿಹಿ ಅಂಟು ಸುರಿಸುತ್ತೆ. ಆ ಸಿಹಿಯ ಆಸೆಗೆ ಇರುವೆಗಳು ಬಂದು ಹೇನಿಗೆ ಕಾವಲು ನಿಂತವು. ದನ ಕಾಯುವವರ ಹಾಗೆ!

ಬಳ್ಳಿ ಅತ್ತಿತು. "ಅಜ್ಜೀ, ನನ್ನ ಜೀವ ಹೋಗ್ತಾ ಇದೆ."

ಹೊನ್ನಜ್ಜಿ ಒಲೆಯ ಬೂದಿ ತಂದು ಎರಚಿದಳು. ಗಾಳಿ ಬಂದು ಅಷ್ಟನ್ನೂ ಹಾರಿಸಿಕೊಂಡು ಹೋಯಿತು.

"ಲೋ ಗಾಳೀ, ಒಂದು ಗಳಿಗೆ ಸುಮ್ಮನೆ ನಿಲ್ಲಬಾರದೇನೋ?"

"ನಿಂತುಬಿಟ್ಟರೆ ನಾನು ಗಾಳಿ ಹೆಂಗಾಗ್ತೀನಿ ಅಜ್ಜಿ?"

ಆಗ ಗುಂಡವ್ವ ಹಾರಿಬಂದು ಚಪ್ಪರದ ಗೂಟದ ಮೇಲೆ ಕೂತಳು. "ಅಜ್ಜೀ, ನನಗೆ ಬಸುರಿನ ಭಾರ. ಎಲೆ ಅಡಿಯಲ್ಲಿ ಒಂದಿಷ್ಟು ಜಾಗ ಕೊಡು. ನಿನ್ನ ಹೇನಿನ ಪಂಚಾಯ್ತಿ ನನ್ನ ಮಕ್ಕಳು ನೋಡ್ಕೋತಾರೆ."

ಹೊನ್ನಜ್ಜಿ ನಕ್ಕುಬಿಟ್ಟಳು. "ನೀನೇ ಇಷ್ಟುದ್ದ ಇದೀಯ. ಇನ್ನು ನಿನ್ನ ಮಕ್ಕಳು ಎಷ್ಟುದ್ದ ಇರ್ತಾವೆ? ಇರಲಿ ಬಾರೆ. ಬಸುರಿ ಕೇಳಿದರೆ ಇಲ್ಲ ಅನ್ನೋಕಾಗುತ್ತಾ?"

ಗುಂಡವ್ವ ಎಲೆಯಡಿ ಹಳದಿ ಮೊಟ್ಟೆ ಸಾಲಾಗಿ ಇಟ್ಟಳು. ಮೊಟ್ಟೆ ಒಡೆದು ಮರಿ ಬಂದವು. ಅವು ತಿನ್ನಲು ಶುರುಮಾಡಿದ್ದನ್ನು ಕಣ್ಣಾರೆ ಕಂಡ ಮೇಲೆಯೇ ಅವಳು ಹೂವಿನ ಪುಡಿ ತಿನ್ನಲು ಹೊಳೆದಂಡೆಗೆ ಹೋದದ್ದು.

ಆ ಹೊತ್ತಿಗೆ ಸರಿಯಾಗಿ ಹೊನ್ನಜ್ಜಿ ಎಲೆ ಎತ್ತಿ ನೋಡಿದಳು. ಗುಂಡವ್ವನ ಹಾಗೆ ಗುಂಡಗೆ ಒಂದಾದರೂ ಬೇಡವೇ? ಕಪ್ಪಗೆ, ಉದ್ದಕ್ಕೆ, ಮೈತುಂಬ ಮುಳ್ಳು. ಉಗುರಿನ ತುದಿಯಷ್ಟು ಮೊಸಳೆಗಳು!

"ಅಯ್ಯೋ ಶಿವನೇ, ಹೇನು ಸಾಲದು ಅಂತ ಇದೊಂದು ಬೇರೆ ಪೀಡೆ!" ಅಂದಳು. ಮೊರ ಹಿಡಿದು ಬಳ್ಳಿ ಅಲ್ಲಾಡಿಸಿ, ಮರಿಗಳನ್ನೆಲ್ಲ ಕೊಡವಿಕೊಂಡು ಕೋಳಿಗೂಡಿನ ಕಡೆ ಹೊರಟೇಬಿಟ್ಟಳು. ನಗಬೇಡ, ನೀನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಬೂದಿ ಹಾರಿಸಿದ ತಪ್ಪು ಗಾಳಿಯನ್ನು ಕೊರೆಯುತ್ತಿತ್ತು. ಅದು ಹೊಳೆದಂಡೆಗೆ ಓಡಿತು. "ಗುಂಡವ್ವಾ, ಏಳೇ! ನಿನ್ನ ಮಕ್ಕಳು ಮೊರದಲ್ಲಿದ್ದಾರೆ. ಅಜ್ಜಿ ಕೋಳಿ ಕರೀತಾ ಇದ್ದಾಳೆ!"

ರೆಕ್ಕೆ ಬಿಚ್ಚಿದ್ದೊಂದೇ ಗುಂಡವ್ವನಿಗೆ ಗೊತ್ತು, ಮಿಕ್ಕ ದಾರಿಯೆಲ್ಲ ಗಾಳಿಯೇ ಅವಳನ್ನು ಹೊತ್ತು ತಂದಿತು. ಕೋಳಿ ಕುತ್ತಿಗೆ ಚಾಚುವ ಹೊತ್ತಿಗೆ ಅವಳು ಮೊರದ ಅಂಚಿನ ಮೇಲೆ ಕೂತಿದ್ದಳು.

"ನಿಲ್ಲಿಸಜ್ಜೀ! ಅವು ನನ್ನ ಮಕ್ಕಳು!"

"ಇವಾ? ಯಾರ ಕಿವಿಗೆ ಹೂವಿಡ್ತೀಯೆ?"

"ಒಂದನ್ನ ಬಳ್ಳಿಗೆ ಬಿಟ್ಟು ನೋಡು. ಎಲೆಗೆ ಒಂದೇ ಒಂದು ಸಲ ಬಾಯಿ ಹಾಕಿದರೆ, ಅವುಗಳ ಜೊತೆ ನನ್ನನ್ನೂ ಕೋಳಿಗೆ ಹಾಕು."

ಹೊನ್ನಜ್ಜಿ ಸಿಡುಕಿಯೇ ಹೊರತು ಕೆಟ್ಟವಳಲ್ಲ. ಒಂದು ಮರಿಯನ್ನು ಎತ್ತಿ ಕುಡಿಯ ಮೇಲೆ ಬಿಟ್ಟಳು. ಮರಿ ಎಲೆಯನ್ನು ಮೂಸಲೂ ಇಲ್ಲ. ನೆಟ್ಟಗೆ ಹೋಗಿ ಒಂದು ಹೇನು ಹಿಡಿಯಿತು, ತಿಂದಿತು. ಇನ್ನೊಂದು ಹಿಡಿಯಿತು, ತಿಂದಿತು. ಮತ್ತೊಂದು ಹಿಡಿಯಿತು, ತಿಂದಿತು.

ಕಾವಲಿನ ಇರುವೆಗಳು ಕೆರಳಿ ಮರಿಯ ಮೇಲೆ ನುಗ್ಗಿದವು. ಗುಂಡವ್ವ ನಡುವೆ ಹೋಗಿ ಕೂತಳು. ಆರೂ ಕಾಲು ಒಳಗೆ ಎಳೆದುಕೊಂಡು ಬೋರಲು ಹಾಕಿದ ಬೋಗುಣಿಯ ಹಾಗೆ ಎಲೆಗೆ ಅಂಟಿಕೊಂಡಳು. ಇರುವೆಗಳು ಸುತ್ತಲೂ ಕಚ್ಚಿದವು, ಹಲ್ಲು ಊರಲು ಜಾಗವೇ ಸಿಗಲಿಲ್ಲ. ಅವಳ ಬೆನ್ನ ಹಿಂದೆ ಮರಿ ಊಟ ಮುಂದುವರಿಸಿತು.

ಹೊನ್ನಜ್ಜಿಯ ಕಣ್ಣಲ್ಲಿ ನೀರು. "ತಪ್ಪಾಯ್ತು ಕಣೆ ತಾಯಿ. ಎಂಥಾ ಪಾಪ ಮಾಡ್ತಿದ್ದೆ ನಾನು!" ಅನ್ನುತ್ತ ಮೊರದಲ್ಲಿದ್ದ ಮರಿಗಳನ್ನು ಒಂದೊಂದಾಗಿ, ತನ್ನ ಕೈಯಾರೆ ಕುಡಿಕುಡಿಗೂ ಬಿಟ್ಟಳು.

ಹದಿನೈದು ದಿನಕ್ಕೆ ಬಳ್ಳಿ ಚೊಕ್ಕಟವಾಯಿತು. ಸಿಹಿ ಸಿಗದೆ ಇರುವೆಗಳು ದಾರಿ ಹಿಡಿದವು. ಮರಿಗಳು ಎಲೆಗೆ ಜೋತು ನಿದ್ದೆ ಮಾಡಿ, ಎದ್ದಾಗ ಅವ್ವನ ಹಾಗೆಯೇ ಗುಂಡಗಾಗಿದ್ದವು. ಬಳ್ಳಿ ಹೂ ಬಿಟ್ಟಿತು, ಕಾಯಿ ಕಟ್ಟಿತು. ಗುಂಡವ್ವ ಚಪ್ಪರದ ಉದ್ದಕ್ಕೂ ಎದೆ ಉಬ್ಬಿಸಿಕೊಂಡು ಓಡಾಡಿದಳು. ಮಾಡಿದವರು ಮೆರೆಯದೆ ಇನ್ಯಾರು ಮೆರೀಬೇಕು, ಹೇಳು?

ಹೊನ್ನಜ್ಜಿ ಅವರನ್ನೆಲ್ಲ ಜಗಲಿಗೆ ಕರೆದಳು. "ತವರಿಗೆ ಬಂದ ಮಗಳನ್ನ ಬರಿಗೈಲಿ ಕಳಿಸಿದರೆ ನನ್ನ ಮನೆಗೆ ಮರ್ಯಾದೆಯೇನೆ?" ಅಂದು ಗುಂಡವ್ವನ ಕಾಲಿಗೆ ಅರಿಶಿನ ಹಚ್ಚಿದಳು. ಬೆನ್ನ ತುಂಬ ಕುಂಕುಮ ಬಳಿದಳು. ಮಕ್ಕಳಿಗೂ ಹಾಗೇ ಮಾಡಿದಳು. ಮಣ್ಣಿನ ಹುಳಗಳೆಲ್ಲ ಗುಲಗಂಜಿಯ ಹಾಗೆ ಕೆಂಪಗೆ ಮಿಂಚಿದವು. ನೋಡಿ ಅವಳಿಗೇ ಭಯವಾಯಿತು. "ಯಾರ ಕಣ್ಣು ಬೀಳುತ್ತೋ ಏನೋ!" ಅಂತ ಕಾಡಿಗೆ ತಂದು ದೃಷ್ಟಿಬೊಟ್ಟು ಇಡತೊಡಗಿದಳು. ಮಕ್ಕಳು ಸುಮ್ಮನೆ ಕೂತರೆ ತಾನೆ? ಕೂತವಕ್ಕೆ ಏಳು ಬೊಟ್ಟು ಬಿತ್ತು, ನುಲಿದವಕ್ಕೆ ಆರು, ತಪ್ಪಿಸಿಕೊಂಡು ಓಡಿದವಕ್ಕೆ ಎರಡು.

ಅಷ್ಟರಲ್ಲಿ ಚಪ್ಪರದ ಆ ತುದಿಯ ಹೊಸ ಕುಡಿಗೆ ಮತ್ತೆ ಹೇನು ಹತ್ತಿತ್ತು, ಅಲ್ಲೇ ಗುಂಡವ್ವನ ಇನ್ನೊಂದು ಸೂಲಿನ ಮರಿಗಳು ಹುಟ್ಟಿದ್ದವು. ಮತ್ತೆ ಅದೇ ಕಪ್ಪು, ಅದೇ ಮುಳ್ಳು.

"ಇವಕ್ಕೂ ಒಂದಿಷ್ಟು ಕುಂಕುಮ ಇಡ್ಲಾ? ನೋಡಿದವರು ನನ್ನ ಹಾಗೆ ಮೋಸಹೋಗಬಾರದು."

ಗುಂಡವ್ವ ಮಕ್ಕಳನ್ನು ನೋಡಿದಳು. ಒಂದೊಂದರ ಬಾಯಲ್ಲೂ ಒಂದೊಂದು ಹೇನು. ಅವಳಿಗೆ ಹೆಮ್ಮೆ ಉಕ್ಕಿಬಂತು.

"ಬೇಡಜ್ಜಿ. ಅವು ದುಡಿಯೋಕೆ ಹುಟ್ಟಿದವು, ಮೆರವಣಿಗೆಗಲ್ಲ. ಹೆಂಗಿದಾವೋ ಹಂಗೇ ಅವು ನನಗೆ ಚೆಂದ. ಗುರುತು ಹಿಡಿಯೋದನ್ನ ಬೇಕಾದರೆ ಜನ ಕಲಿಯಲಿ."

ಅದಕ್ಕೇ ಮಗಾ, ಗುಲಗಂಜಿ ಹುಳ ಇವತ್ತಿಗೂ ಕೆಂಪಗಿರುತ್ತೆ, ಒಂದಕ್ಕಿದ್ದಷ್ಟು ಬೊಟ್ಟು ಇನ್ನೊಂದಕ್ಕಿರಲ್ಲ, ಹಿಡಿದರೆ ಅದರ ಕಾಲಿನ ಅರಿಶಿನ ನಿನ್ನ ಬೆರಳಿಗೆ ಅಂಟುತ್ತೆ. ಪಕ್ಕದ ಎಲೆಯ ಮೇಲೆ ಮುಳ್ಳುಮುಳ್ಳಾಗಿ ಕಪ್ಪಗೆ ಏನಾದರೂ ಹರಿದಾಡುತ್ತಿದ್ದರೆ ಕೈ ಹಿಂದಕ್ಕೆ ತಗೋ, ಅದು ಗುಂಡವ್ವನ ಮಗು, ನಮ್ಮ ಬಳ್ಳಿ ಕಾಯೋಕೆ ಬಂದಿದೆ.